ತೆಳುವಾದ ರಕ್ತವೂ ಹೆಪ್ಪುಗಟ್ಟೀತು

ಯಕೃತ್ತಿನ ಕಾಯಿಲೆ ಬಲಿತು ಆಸ್ಪತ್ರೆ ಸೇರಿದವರ ಮನೆಯವರು ನಮ್ಮನ್ನು ಕಾಣಲು ಬಂದಾಗ ಕೇಳುವ ಪ್ರಶ್ನೆಗಳಲ್ಲಿ ಒಂದು ಇತ್ತೀಚಿನ ವರ್ಷಗಳಲ್ಲಿ ಮೇಲಿಂದ ಮೇಲೆ ಕೇಳಿಬರುತ್ತಿದೆ. ‘ರಕ್ತ ತೆಳುವಾಗಿದೆ, ಬೇಗ ಹೆಪ್ಪುಗಟ್ಟುವುದಿಲ್ಲ ಎಂದು ರಿಪೋರ್ಟಿನಲ್ಲಿ ಬಂದಿದೆ. ಆದರೂ ರಕ್ತ ಹೆಪ್ಪುಗಟ್ಟದಿರಲೆಂದು ಹೊಟ್ಟೆಯ ಚರ್ಮಕ್ಕೆ ದಿನಾಲೂ ಇಂಜೆಕ್ಷನ್ ಕೊಡುತ್ತೇವೆ ಎನ್ನುತ್ತಾರೆ. ಇದು ಹೇಗೆ, ಡಾಕ್ಟರೇ? ಬೇಡವೆಂದು ಹೇಳಿಬಿಡೋಣವೇ?’

ಪ್ರಶ್ನೆ ಸಹಜವಾದುದು. ಮೊದಲೇ ತೆಳುವಾದ ರಕ್ತವನ್ನು ಇನ್ನಷ್ಟು ತೆಳುವಾಗಿಸುವುದು ಸಾಮಾನ್ಯ ಬುದ್ಧಿಗೆ ಒಪ್ಪುವ ಮಾತಲ್ಲ. ವೈದ್ಯರಲ್ಲಿಯೂ ಅನೇಕರು ಬಹುಕಾಲ ಹಾಗೆಯೇ ಭಾವಿಸಿದ್ದರು. ಆದರೆ ಈ ಭಾವನೆ ತಪ್ಪೆಂಬುದು ಈಗ ಸ್ಪಷ್ಟವಾಗಿದೆ. ನಮ್ಮ ಅಭಿಪ್ರಾಯವನ್ನು ಆರಂಭದಲ್ಲಿಯೇ ಹೇಳಿಬಿಡುತ್ತೇವೆ: ರಕ್ತ ತೆಳುವಾಗಿದೆ ಎಂಬ ರಿಪೋರ್ಟು ರೋಗಿಗೆ ರಕ್ಷಾಕವಚವಲ್ಲ. ಹಾಸಿಗೆ ಹಿಡಿದ ಪ್ರತಿಯೊಬ್ಬ ಯಕೃತ್ ರೋಗಿಯ ವಿಷಯದಲ್ಲಿಯೂ ಹೆಪ್ಪುಗಟ್ಟುವ ಅಪಾಯವೆಷ್ಟು, ರಕ್ತಸ್ರಾವದ ಅಪಾಯವೆಷ್ಟು ಎಂಬುದನ್ನು ಆಸ್ಪತ್ರೆಗೆ ಸೇರಿದ ದಿನವೇ ತೂಗಿ ನೋಡಬೇಕು. ತೂಗಿ ನೋಡಿ ಕೊಡುವ ಔಷಧವನ್ನು ಮನೆಯವರು ಭಯದಿಂದ ನಿರಾಕರಿಸಬಾರದು. ಇಷ್ಟಲ್ಲದೆ ಈ ಅಪಾಯವನ್ನು ತಡೆಯುವ ಕೆಲಸದಲ್ಲಿ ಒಂದು ದೊಡ್ಡ ಪಾಲು ಮನೆಯವರ ಕೈಯಲ್ಲಿಯೇ ಇದೆ.

ಯಕೃತ್ತು ಮಾಡುವ ಎರಡು ಕೆಲಸಗಳು

ಯಕೃತ್ತು ಮತ್ತು ಪ್ಲೀಹಗಳು ರಕ್ತವಹ ಸ್ರೋತಸ್ಸಿನ ಮೂಲವೆಂದು ಚರಕ ಸಂಹಿತೆಯ ವಿಮಾನಸ್ಥಾನದಲ್ಲಿ ಹೇಳಿದೆ. ರಕ್ತದ ಸ್ಥಿತಿಗತಿಯೂ ಈ ಎರಡು ಅಂಗಗಳ ಆರೋಗ್ಯವೂ ಒಂದಕ್ಕೊಂದು ಹೆಣೆದುಕೊಂಡಿವೆ ಎಂಬ ಈ ತಿಳಿವಳಿಕೆಯನ್ನು ಆಧುನಿಕ ಶರೀರಶಾಸ್ತ್ರ ಬೇರೊಂದು ಭಾಷೆಯಲ್ಲಿ ವಿವರಿಸುತ್ತದೆ. ಗಾಯವಾದಾಗ ರಕ್ತ ಗಟ್ಟಿಯಾಗಲು ಬೇಕಾದ ಪ್ರೋಟೀನುಗಳ ಬಹುಪಾಲು ಯಕೃತ್ತಿನಲ್ಲಿಯೇ ತಯಾರಾಗುತ್ತವೆ. ಆದರೆ ರಕ್ತ ಬೇಡದ ಕಡೆ ಗಟ್ಟಿಯಾಗದಂತೆ ತಡೆಯುವ ಪ್ರೋಟೀನ್ ಸಿ, ಪ್ರೋಟೀನ್ ಎಸ್, ಆ್ಯಂಟಿಥ್ರಾಂಬಿನ್ ಎಂಬ ವಸ್ತುಗಳೂ ತಯಾರಾಗುವುದು ಮುಖ್ಯವಾಗಿ ಅಲ್ಲಿಯೇ. ಕಟ್ಟುವ ಕೆಲಸವೂ ಅದರದೇ, ಕಟ್ಟದಂತೆ ಕಾಯುವ ಕೆಲಸವೂ ಅದರದೇ.

ಮದ್ಯಪಾನದಿಂದಲೋ, ಹೆಪಟೈಟಿಸ್ ಬಿ ಅಥವಾ ಸಿ ವೈರಾಣುವಿನಿಂದಲೋ, ಮಧುಮೇಹ ಮತ್ತು ಸ್ಥೂಲಕಾಯದೊಡನೆ ಬರುವ ಕೊಬ್ಬಿನ ಶೇಖರಣೆಯಿಂದಲೋ ಯಕೃತ್ತು ಗಂಟುಗಟ್ಟಿ ಗಡುಸಾದಾಗ, ಅಂದರೆ ಸಿರೋಸಿಸ್ ಆದಾಗ, ಈ ಎರಡೂ ಬಗೆಯ ಪ್ರೋಟೀನುಗಳು ಒಟ್ಟಿಗೆ ಕಡಿಮೆಯಾಗುತ್ತವೆ. ತಕ್ಕಡಿಯ ಎರಡೂ ತಟ್ಟೆಗಳಿಂದ ಕಲ್ಲುಗಳನ್ನು ತೆಗೆದಂತಾಗುತ್ತದೆ. ಮುಳ್ಳು ನಡುವಿನಲ್ಲಿಯೇ ನಿಂತಿರಬಹುದು. ಆದರೆ ತಟ್ಟೆಗಳು ಹಗುರವಾಗಿವೆ. ಸಣ್ಣದೊಂದು ಸೋಂಕು, ಮೂತ್ರಪಿಂಡದ ತೊಂದರೆ, ಭೇದಿಯಿಂದ ಆದ ನಿರ್ಜಲತೆ, ಹಲವು ದಿನಗಳ ಹಾಸಿಗೆವಾಸ, ಇವುಗಳಲ್ಲಿ ಯಾವುದಾದರೂ ಒಂದು ಬಂದರೆ ತಕ್ಕಡಿ ರಕ್ತಸ್ರಾವದ ಕಡೆಗೂ ವಾಲೀತು, ಹೆಪ್ಪಿನ ಕಡೆಗೂ ವಾಲೀತು.

ಇಲ್ಲಿಯೇ ರಿಪೋರ್ಟಿನ ಮಿತಿಯನ್ನು ಅರಿಯಬೇಕು. ಐ.ಎನ್.ಆರ್. ಎಂಬ ಪರೀಕ್ಷೆ ಅಳೆಯುವುದು ರಕ್ತ ಗಟ್ಟಿಯಾಗಿಸುವ ತಟ್ಟೆಯನ್ನು ಮಾತ್ರ. ತಡೆಯುವ ತಟ್ಟೆ ಎಷ್ಟು ಹಗುರವಾಗಿದೆ ಎಂಬುದನ್ನು ಅದು ತೋರಿಸುವುದಿಲ್ಲ. ಪ್ಲೇಟ್‌ಲೆಟ್‌ಗಳ ಸಂಖ್ಯೆಯೂ ಹೀಗೆಯೇ. ಪ್ಲೀಹ ಊದಿಕೊಂಡು ಅವುಗಳನ್ನು ಹಿಡಿದಿಟ್ಟುಕೊಳ್ಳುವುದರಿಂದ ಸಂಖ್ಯೆ ಇಳಿಯುತ್ತದೆ. ಆದರೆ ಪ್ಲೇಟ್‌ಲೆಟ್‌ಗಳನ್ನು ರಕ್ತನಾಳದ ಗೋಡೆಗೆ ಅಂಟಿಸುವ ವಾನ್ ವಿಲ್ಲೆಬ್ರಾಂಡ್ ಎಂಬ ಅಂಶ ಇಂಥ ರೋಗಿಗಳಲ್ಲಿ ಹೆಚ್ಚಾಗಿರುತ್ತದೆ. ರಕ್ತ ಗಟ್ಟಿಯಾಗಿಸುವ ಎಂಟನೆಯ ಅಂಶವೂ ಏರಿರುತ್ತದೆ. ಹೀಗೆ ಒಂದು ಕಡೆಯ ಕೊರತೆಯನ್ನು ದೇಹ ಇನ್ನೊಂದು ಕಡೆಯಿಂದ ತುಂಬಿಕೊಂಡಿರುತ್ತದೆ. ಈ ಸಂಗತಿಯನ್ನು ಇಟಲಿಯ ತಜ್ಞರಾದ ಟ್ರಿಪೋಡಿ ಮತ್ತು ಮನ್ನುಚ್ಚಿ ಅವರು 2011ರಲ್ಲಿ ಬರೆದ ವಿಮರ್ಶಾ ಲೇಖನ ವೈದ್ಯಲೋಕದಲ್ಲಿ ವ್ಯಾಪಕವಾಗಿ ಪ್ರಚುರಪಡಿಸಿತು.

ಮಲಗಿದ ದೇಹದಲ್ಲಿ ನಿಂತ ರಕ್ತ

ಜರ್ಮನಿಯ ವೈದ್ಯವಿಜ್ಞಾನಿ ರುಡಾಲ್ಫ್ ವಿರ್ಕೋ ಅವರ ಹೆಸರಿನೊಡನೆ ಮೂರು ಕಾರಣಗಳ ಒಂದು ಸೂತ್ರ ತಳುಕು ಹಾಕಿಕೊಂಡಿದೆ. ರಕ್ತದ ಹರಿವು ಮಂದವಾಗುವುದು, ರಕ್ತನಾಳದ ಒಳಗೋಡೆಗೆ ಪೆಟ್ಟಾಗುವುದು, ರಕ್ತದ ಗುಣವೇ ಬದಲಾಗುವುದು. ಈ ಮೂರರಿಂದ ಹೆಪ್ಪು ಹುಟ್ಟುತ್ತದೆ. ಅವರು ಜನಿಸಿದ ಅಕ್ಟೋಬರ್ 13ನ್ನು 2014ರಿಂದ ಜಗತ್ತಿನಾದ್ಯಂತ ರಕ್ತ ಹೆಪ್ಪುಗಟ್ಟುವಿಕೆಯ ಜಾಗೃತಿ ದಿನವನ್ನಾಗಿ ಆಚರಿಸಲಾಗುತ್ತಿದೆ.

ಆಸ್ಪತ್ರೆಯ ವಾರ್ಡಿನಲ್ಲಿ ಮಲಗಿರುವ ಜಲೋದರದ ರೋಗಿಯನ್ನು ಒಮ್ಮೆ ಮನಸ್ಸಿಗೆ ತಂದುಕೊಳ್ಳಿರಿ. ಹೊಟ್ಟೆಯಲ್ಲಿ ನೀರು ತುಂಬಿರುವುದರಿಂದ ಆತ ಏಳಲಾರ. ಕಾಲುಗಳಲ್ಲಿ ರಕ್ತ ನಿಧಾನವಾಗಿ ಹರಿಯುತ್ತಿದೆ. ಸೋಂಕು ಅಂಟಿದ್ದರೆ ರಕ್ತನಾಳಗಳ ಒಳಗೋಡೆ ಕೆರಳಿದೆ. ರಕ್ತದ ಗುಣ ಬದಲಾಗಿಯೇ ಇದೆ. ಮೂರು ಕಾರಣಗಳೂ ಒಂದೇ ಹಾಸಿಗೆಯ ಮೇಲೆ ಕೂಡಿಬಂದಿವೆ. ಕಾಲಿನ ಆಳವಾದ ಅಭಿಧಮನಿಯಲ್ಲಿ ಹುಟ್ಟಿದ ಹೆಪ್ಪು ಕಳಚಿಕೊಂಡು ಶ್ವಾಸಕೋಶವನ್ನು ಸೇರಿದರೆ ಕೆಲವೇ ನಿಮಿಷಗಳಲ್ಲಿ ಪ್ರಾಣಕ್ಕೆ ಸಂಚಕಾರ ಬರಬಹುದು. ಕರುಳಿನಿಂದ ಯಕೃತ್ತಿಗೆ ರಕ್ತವನ್ನೊಯ್ಯುವ ಪೋರ್ಟಲ್ ಅಭಿಧಮನಿಯಲ್ಲಿಯೇ ಹೆಪ್ಪು ಹುಟ್ಟಿದರೆ ರೋಗ ಮತ್ತಷ್ಟು ಉಲ್ಬಣಿಸಬಹುದು.

ಅಮೆರಿಕದ ವರ್ಜೀನಿಯಾ ವಿಶ್ವವಿದ್ಯಾಲಯದ ನಾರ್ತಪ್ ಮತ್ತು ಸಂಗಡಿಗರು 2006ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಹಳೆಯ ನಂಬಿಕೆಯನ್ನು ಅಲುಗಾಡಿಸಿತು. ಸಿರೋಸಿಸ್ ರೋಗಿಗಳು ಆಸ್ಪತ್ರೆಗೆ ಸೇರಿದ ಸುಮಾರು 21,000 ಸಂದರ್ಭಗಳಲ್ಲಿ 113 ಬಾರಿ ಹೊಸದಾಗಿ ಹೆಪ್ಪಿನ ಕಾಯಿಲೆ ಕಾಣಿಸಿಕೊಂಡಿತ್ತು. ಇನ್ನೂರಕ್ಕೆ ಒಂದು ಎಂಬ ಈ ಪ್ರಮಾಣ ನೋಡಲು ಸಣ್ಣದು. ಆದರೆ ರಕ್ತ ತಾನಾಗಿ ತೆಳುವಾಗಿರುವವರಿಗೆ ಹೆಪ್ಪು ಬರುವುದೇ ಇಲ್ಲವೆಂದು ನಂಬಿದ್ದವರಿಗೆ ಅದು ಕಣ್ಣು ತೆರೆಸುವಂಥದು. ಇನ್ನೂ ಮುಖ್ಯವಾದ ಮಾತೆಂದರೆ, ಐ.ಎನ್.ಆರ್. ಸಂಖ್ಯೆಯಾಗಲಿ ಪ್ಲೇಟ್‌ಲೆಟ್ ಸಂಖ್ಯೆಯಾಗಲಿ ಯಾರಿಗೆ ಹೆಪ್ಪು ಬರುತ್ತದೆ, ಯಾರಿಗೆ ಬರುವುದಿಲ್ಲ ಎಂಬುದನ್ನು ಮುಂದಾಗಿ ಸೂಚಿಸಲಿಲ್ಲ. ರಕ್ತದ ಆಲ್ಬುಮಿನ್ ಕಡಿಮೆಯಾಗಿದ್ದವರಿಗೆ ಮಾತ್ರ ಅಪಾಯ ಹೆಚ್ಚಾಗಿತ್ತು. ಆಲ್ಬುಮಿನ್ ತಗ್ಗುವುದು ಯಕೃತ್ತಿನ ತಯಾರಿಕೆಯ ಶಕ್ತಿ ಕುಂದಿದುದರ ಗುರುತು.

ನಮ್ಮ ದೇಶದ ಸ್ಥಿತಿಯನ್ನೂ ಇಲ್ಲಿ ನೆನೆಯಬೇಕು. ಯಕೃತ್ ರೋಗಿಗಳಷ್ಟೇ ಅಲ್ಲದೆ ಎಲ್ಲ ಬಗೆಯ ಒಳರೋಗಿಗಳನ್ನೂ ಒಳಗೊಂಡು 32 ದೇಶಗಳ ಆಸ್ಪತ್ರೆಗಳಲ್ಲಿ ನಡೆದ ‘ಎಂಡಾರ್ಸ್’ ಎಂಬ ಸಮೀಕ್ಷೆ 2008ರಲ್ಲಿ ಪ್ರಕಟವಾಯಿತು. ಅದರ ಭಾರತದ ಭಾಗದಲ್ಲಿ, ಹೆಪ್ಪಿನ ಅಪಾಯವಿದ್ದ ರೋಗಿಗಳಲ್ಲಿ ಯೋಗ್ಯವಾದ ಮುನ್ನೆಚ್ಚರಿಕೆಯ ಚಿಕಿತ್ಸೆ ದೊರೆತಿದ್ದುದು ನೂರಕ್ಕೆ ಸುಮಾರು 17 ಮಂದಿಗೆ ಮಾತ್ರ. ಸಾಮಾನ್ಯ ರೋಗಿಗಳ ಗತಿಯೇ ಹೀಗಿರುವಾಗ, ‘ಇವರ ರಕ್ತ ಮೊದಲೇ ತೆಳು’ ಎಂಬ ಹಣೆಪಟ್ಟಿ ಹೊತ್ತ ಯಕೃತ್ ರೋಗಿಯನ್ನು ಕೇಳುವವರಾರು?

ಸಂಶಯಕ್ಕೂ ಸ್ಥಾನವಿದೆ

ಇಷ್ಟು ಹೇಳಿದ ಮಾತ್ರಕ್ಕೆ ಎಲ್ಲ ಯಕೃತ್ ರೋಗಿಗಳಿಗೂ ಹೆಪಾರಿನ್ ಕೊಡಬೇಕೆಂಬುದು ನಮ್ಮ ವಾದವಲ್ಲ. ಗಡುಸಾದ ಯಕೃತ್ತಿನ ಒತ್ತಡದಿಂದ ಅನ್ನನಾಳದಲ್ಲಿ ರಕ್ತನಾಳಗಳು ಉಬ್ಬಿ ಒಡೆಯುವುದುಂಟು. ರಕ್ತವಾಂತಿಯಾಗುತ್ತಿರುವಾಗ, ಕಪ್ಪು ಡಾಂಬರಿನಂತೆ ಮಲ ಹೋಗುತ್ತಿರುವಾಗ ಈ ಇಂಜೆಕ್ಷನ್ ಸಲ್ಲದು. ಪ್ಲೇಟ್‌ಲೆಟ್ ಸಂಖ್ಯೆ 50,000ಕ್ಕಿಂತ ಕೆಳಗಿಳಿದಾಗ ತಜ್ಞರು ಬಹಳ ಎಚ್ಚರದಿಂದ ನಿರ್ಧರಿಸುತ್ತಾರೆ. ಮೂತ್ರಪಿಂಡ ಸೋತಿದ್ದರೆ ಕೆಲವು ಬಗೆಯ ಹೆಪಾರಿನ್ ದೇಹದಲ್ಲಿ ಉಳಿದು ಶೇಖರಗೊಳ್ಳುವುದರಿಂದ ಔಷಧದ ಆಯ್ಕೆಯನ್ನೇ ಬದಲಿಸಬೇಕಾಗುತ್ತದೆ. ಔಷಧ ಕೊಡಲಾಗದವರಿಗೆ ಗಾಳಿ ತುಂಬಿ ಕಾಲನ್ನು ಹಿತವಾಗಿ ಒತ್ತಿ ಬಿಡುವ ಯಂತ್ರದ ಪಟ್ಟಿಗಳುಂಟು.

ಈ ಚಿಕಿತ್ಸೆಯ ಲಾಭಕ್ಕೆ ಬಲವಾದ ಪುರಾವೆ ಸಾಲದೆಂದು ಆಕ್ಷೇಪಿಸುವ ವೈದ್ಯರೂ ಇದ್ದಾರೆ. ಆ ಆಕ್ಷೇಪದಲ್ಲಿ ಸತ್ಯವಿದೆ. ಅಮೆರಿಕದ ಜಠರ ಮತ್ತು ಕರುಳು ತಜ್ಞರ ಸಂಘವು 2021ರಲ್ಲಿ ಹೊರಡಿಸಿದ ಮಾರ್ಗದರ್ಶಿಯು, ಇತರ ರೋಗಿಗಳಿಗೆ ಅನ್ವಯಿಸುವ ಮಾನದಂಡದಂತೆ ಮುನ್ನೆಚ್ಚರಿಕೆ ಅಗತ್ಯವೆನಿಸಿದ ಸಿರೋಸಿಸ್ ಒಳರೋಗಿಗಳಿಗೆ ಅದನ್ನು ಕೊಡುವುದೇ ಲೇಸೆಂದು ಸೂಚಿಸಿತು; ಜೊತೆಗೆ ಪುರಾವೆಯ ಬಲ ಬಹಳ ಕಡಿಮೆಯೆಂಬುದನ್ನೂ ಮುಚ್ಚಿಡದೆ ಹೇಳಿತು. ಇಟಲಿಯಲ್ಲಿ 70 ಮಂದಿ ಹೊರರೋಗಿಗಳ ಮೇಲೆ ನಡೆದು 2012ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, ಎನಾಕ್ಸಪಾರಿನ್ ಎಂಬ ಹೆಪಾರಿನ್ ಪಡೆಯುತ್ತಿದ್ದ ಅವಧಿಯಲ್ಲಿ ಯಾರಿಗೂ ಪೋರ್ಟಲ್ ಅಭಿಧಮನಿಯಲ್ಲಿ ಹೆಪ್ಪುಗಟ್ಟಲಿಲ್ಲ. ಜಲೋದರ ಮೊದಲಾದ ತೊಡಕುಗಳೂ ಕಡಿಮೆಯಾದವು. ಆದರೆ ಅದು ಸಣ್ಣ ಪ್ರಯೋಗ. ವಾರ್ಡಿನಲ್ಲಿ ಮಲಗಿದವರಿಗೆ ಅದನ್ನು ನೇರವಾಗಿ ಅನ್ವಯಿಸಲಾಗದು.

ಪುರಾವೆ ಅಪೂರ್ಣವಾಗಿರುವಾಗ ವಿವೇಕಿಯಾದ ವೈದ್ಯ ಏನು ಮಾಡಬೇಕು? ಎಲ್ಲರಿಗೂ ಕೊಡುವುದೂ ಅಲ್ಲ, ಯಾರಿಗೂ ಕೊಡದಿರುವುದೂ ಅಲ್ಲ. ರೋಗಿಯ ಬಲ, ವಯಸ್ಸು, ಕಾಲ ಮತ್ತು ರೋಗದ ಅವಸ್ಥೆಯನ್ನು ನೋಡಿ ನಿರ್ಧರಿಸಬೇಕು. ಇದು ಆಯುರ್ವೇದದ ಹಳೆಯ ಪಾಠ. ಆಧುನಿಕರು ಇದಕ್ಕೆ ಅಂಕಗಳ ಪಟ್ಟಿಯೊಂದನ್ನು ಮಾಡಿಕೊಂಡಿದ್ದಾರೆ. ಇಟಲಿಯ ಪಾದುವಾ ನಗರದ ವೈದ್ಯರು 2010ರಲ್ಲಿ ಪ್ರಕಟಿಸಿದ ಆ ಪಟ್ಟಿಯಲ್ಲಿ ಕ್ಯಾನ್ಸರ್, ಹಿಂದೆ ಆಗಿದ್ದ ಹೆಪ್ಪು, ಹಾಸಿಗೆವಾಸ, ಸೋಂಕು, 70 ವರ್ಷ ಮೀರಿದ ವಯಸ್ಸು, ಸ್ಥೂಲಕಾಯ ಮೊದಲಾದವುಗಳಿಗೆ ಅಂಕಗಳಿವೆ. 4 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಅಪಾಯ ಅಧಿಕವೆಂದು ಎಣಿಕೆ. ಅದೊಂದು ಸಾಧನ ಮಾತ್ರ, ನಿರ್ಧಾರ ವೈದ್ಯರದು. ನಮ್ಮ ಆಗ್ರಹವಿಷ್ಟೇ: ನಿರ್ಧಾರವಾದರೂ ಆಗಲಿ. ಕೊಡದಿರುವುದು ಯೋಚಿಸಿ ಕೈಗೊಂಡ ತೀರ್ಮಾನವಾಗಿರಲಿ, ಮರೆವಿನ ಫಲವಾಗಿರದಿರಲಿ.

ಔಷಧದ ಮೂಲದ ಬಗ್ಗೆ ಒಂದು ಮಾತು

ಹೆಪಾರಿನ್ ಎಂಬ ಹೆಸರಿಗೂ ಯಕೃತ್ತಿಗೂ ನಂಟಿದೆ. ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದಲ್ಲಿ ಜೇ ಮೆಕ್ಲೀನ್ ಎಂಬ ವೈದ್ಯವಿದ್ಯಾರ್ಥಿ 1916ರಲ್ಲಿ ನಾಯಿಯ ಯಕೃತ್ತಿನ ಸಾರದಲ್ಲಿ ರಕ್ತ ಗಟ್ಟಿಯಾಗದಂತೆ ತಡೆಯುವ ಗುಣವನ್ನು ಕಂಡುಕೊಂಡರು. ಯಕೃತ್ತಿಗೆ ಗ್ರೀಕ್ ಭಾಷೆಯಲ್ಲಿರುವ ಶಬ್ದದಿಂದ ಅವರ ಗುರು ಹೊವೆಲ್ ಅವರು ಮುಂದೆ ಈ ಹೆಸರನ್ನು ರೂಪಿಸಿದರು. ಈಗ ಬಳಕೆಯಲ್ಲಿರುವ ಹೆಪಾರಿನ್ ಮುಖ್ಯವಾಗಿ ಹಂದಿಯ ಕರುಳಿನ ಒಳಪೊರೆಯಿಂದ ತಯಾರಾಗುತ್ತದೆ. ಸಸ್ಯಾಹಾರಿಗಳಾದ ಸದ್ಭಕ್ತರಲ್ಲಿ ಕೆಲವರು ಇದನ್ನು ತಿಳಿದು ಕಳವಳಗೊಳ್ಳುವುದುಂಟು. ಅವರ ಭಾವನೆ ಗೌರವಕ್ಕೆ ಯೋಗ್ಯವಾದುದು. ಅಂಥವರು ಮೌನವಾಗಿ ಔಷಧವನ್ನು ತಳ್ಳಿಹಾಕದೆ ವೈದ್ಯರೊಡನೆ ಬಿಚ್ಚಿ ಮಾತಾಡಬೇಕು. ಪ್ರಾಣಿಮೂಲವಿಲ್ಲದೆ ರಾಸಾಯನಿಕವಾಗಿ ತಯಾರಿಸಿದ ಫಾಂಡಪರಿನಕ್ಸ್ ಎಂಬ ಔಷಧವಿದೆ. ಮೂತ್ರಪಿಂಡ ತೀರಾ ದುರ್ಬಲವಾಗಿದ್ದವರಿಗೆ ಅದು ಹೊಂದದು. ಪರ್ಯಾಯ ಸಾಧ್ಯವೇ ಎಂದು ಕೇಳುವುದು ರೋಗಿಯ ಹಕ್ಕು. ಸಾಧ್ಯವಿಲ್ಲವಾದರೆ ಪ್ರಾಣರಕ್ಷಣೆಗಾಗಿ ಪಡೆದ ಔಷಧದಿಂದ ಯಾರ ಆಚಾರಕ್ಕೂ ಕುಂದು ಬಾರದೆಂಬುದು ನಮ್ಮ ನಂಬಿಕೆ.

ಮನೆಯವರು ಮಾಡಬೇಕಾದುದು, ಮಾಡಬಾರದುದು

ನಮ್ಮ ಕಡೆ ರೋಗಿಯನ್ನು ಅಲುಗಿಸದೆ ಮಲಗಿಸುವುದೇ ಆರೈಕೆ ಎಂಬ ಭಾವನೆ ಬಲವಾಗಿದೆ. ಮಕ್ಕಳು, ಸೊಸೆಯಂದಿರು ಪ್ರೀತಿಯಿಂದ ತುತ್ತನ್ನೂ ಹಾಸಿಗೆಯಲ್ಲಿಯೇ ತಿನ್ನಿಸುತ್ತಾರೆ. ಆದರೆ ಮೀನಖಂಡದ ಸ್ನಾಯುಗಳು ಬಿಗಿದು ಸಡಿಲಿದಾಗಲೇ ಕಾಲಿನ ರಕ್ತ ಮೇಲೇರುತ್ತದೆ. ವೈದ್ಯರ ಒಪ್ಪಿಗೆ ಪಡೆದು ರೋಗಿಯನ್ನು ದಿನಕ್ಕೆ ಹಲವು ಬಾರಿ ಎಬ್ಬಿಸಿ ಕೂರಿಸಿರಿ, ಕೈಹಿಡಿದು ನಾಲ್ಕು ಹೆಜ್ಜೆ ನಡೆಸಿರಿ. ಮಂಪರು ಇರುವವರು ಬೀಳದಂತೆ ಒಬ್ಬರು ಜೊತೆಗಿರಲೇಬೇಕು. ಏಳಲಾರದವರು ಮಲಗಿದಲ್ಲಿಯೇ ಪಾದಗಳನ್ನು ಮೇಲಕ್ಕೂ ಕೆಳಕ್ಕೂ ಮಡಿಸಿ ಬಿಡಿಸುತ್ತಿರಲಿ. ಖರ್ಚಿಲ್ಲದ ಈ ಉಪಾಯವನ್ನು ಯಾರೂ ಕಡೆಗಣಿಸಬಾರದು.

ಇನ್ನು ಮಾಡಬಾರದುದು. ಕಾಲು ಊದಿಕೊಂಡಿದೆಯೆಂದು ಎಣ್ಣೆ ಹಚ್ಚಿ ನೀವುವುದು, ಬಿಸಿ ಶಾಖ ಕೊಡುವುದು ನಮ್ಮ ಮನೆಗಳ ರೂಢಿ. ಅಭ್ಯಂಗ ಮತ್ತು ಸ್ವೇದನಗಳನ್ನು ನಾವೇ ಅನೇಕರಿಗೆ ಸೂಚಿಸುತ್ತೇವೆ. ಆದರೆ ಆಳದ ರಕ್ತನಾಳದಲ್ಲಿ ಹೆಪ್ಪಿರುವ ಕಾಲನ್ನು ನೀವಿದರೆ ಅದು ಕಳಚಿ ಶ್ವಾಸಕೋಶದತ್ತ ಸಾಗುವ ಅಪಾಯವಿದೆ. ಆಸ್ಪತ್ರೆಯಲ್ಲಿ ಮಲಗಿದ ಯಕೃತ್ ರೋಗಿಯ ಊದಿದ ಕಾಲನ್ನು ಪರೀಕ್ಷೆಯಾಗದೆ ಯಾರೂ ತಿಕ್ಕಬಾರದು. ಈ ಮಾತನ್ನು ನಮ್ಮ ಸಮಾನವೃತ್ತಿಯ ಬಂಧುಗಳಿಗೂ ವಿನಯದಿಂದ ಹೇಳುತ್ತೇವೆ.

ಎರಡನೆಯದಾಗಿ, ಕಷಾಯ, ಚೂರ್ಣ, ಭಸ್ಮಗಳನ್ನು ವೈದ್ಯರ ಕಣ್ಣುತಪ್ಪಿಸಿ ವಾರ್ಡಿನೊಳಗೆ ಒಯ್ಯಬೇಡಿರಿ. ನೆಲನೆಲ್ಲಿ, ಕಟುಕರೋಹಿಣಿ, ಪುನರ್ನವಗಳ ಮೇಲೆ ನಮಗೆ ಆದರವಿದೆ. ಅವುಗಳನ್ನು ನಾವು ಬಳಸುತ್ತ ಬಂದಿದ್ದೇವೆ. ಆದರೆ ರೋಗ ಬಲಿತು ಹತ್ತಾರು ಔಷಧಗಳು ನಡೆಯುತ್ತಿರುವಾಗ ಹನ್ನೊಂದನೆಯದನ್ನು ಗುಟ್ಟಾಗಿ ಸೇರಿಸುವುದು ಚಿಕಿತ್ಸೆಯಲ್ಲ. ಬೆಳ್ಳುಳ್ಳಿಯನ್ನು ಔಷಧದ ಪ್ರಮಾಣದಲ್ಲಿ ಸೇವಿಸಿದರೆ ಪ್ಲೇಟ್‌ಲೆಟ್‌ಗಳ ಕೆಲಸ ಕುಂದಬಹುದು. ಹೆಪಾರಿನ್ ಜೊತೆಗೆ ಅದು ಸೇರಿದರೆ ರಕ್ತಸ್ರಾವದ ಭಯ ಹೆಚ್ಚು. ಆಸವ ಮತ್ತು ಅರಿಷ್ಟಗಳಲ್ಲಿ ಹುದುಗುವಿಕೆಯಿಂದ ತಾನಾಗಿ ಹುಟ್ಟಿದ ಮದ್ಯಸಾರ ಇರುತ್ತದೆ. ‘ಲಿವರಿಗೆ ಒಳ್ಳೆಯದು’ ಎಂದು ಅವುಗಳನ್ನು ಸಿರೋಸಿಸ್ ರೋಗಿಗೆ ಕುಡಿಸುವುದು ಸರ್ವಥಾ ಕೂಡದು. ಮೈಕೈ ನೋವೆಂದು ಅಂಗಡಿಯಿಂದ ಆಸ್ಪಿರಿನ್, ಡೈಕ್ಲೋಫೆನಾಕ್ ಮಾತ್ರೆಗಳನ್ನು ತಂದು ನುಂಗಿಸುವುದೂ ಅಷ್ಟೇ ಅಪಾಯಕರ.

ಆಹಾರದ ವಿಷಯದಲ್ಲಿ, ಪಥ್ಯವೆಂದರೆ ಉಪವಾಸವೆಂದು ತಿಳಿಯಬಾರದು. ಬಲಿತ ಯಕೃತ್ ರೋಗದಲ್ಲಿ ಸ್ನಾಯುಗಳು ಸವೆಯುತ್ತವೆ. ಸ್ನಾಯು ಸವೆದವರು ನಡೆಯಲಾರರು. ನಡೆಯದವರಿಗೆ ಹೆಪ್ಪಿನ ಭಯ. ಉಪ್ಪನ್ನು ಮಿತಗೊಳಿಸಿ, ವೈದ್ಯರು ಹೇಳಿದ ಪ್ರಮಾಣದಲ್ಲಿ ಬೇಳೆ, ಮಜ್ಜಿಗೆ, ಹಾಲುಗಳನ್ನು ಕೊಡಿರಿ. ರಾತ್ರಿಯಿಡೀ ಹೊಟ್ಟೆ ಬರಿದಾಗಿರದಂತೆ ಮಲಗುವ ಮುನ್ನ ಸ್ವಲ್ಪ ಆಹಾರ ಒಳ್ಳೆಯದು.

ಎಚ್ಚರಿಕೆಯ ಗುರುತುಗಳನ್ನೂ ತಿಳಿದಿರಿ. ಜಲೋದರದಲ್ಲಿ ಎರಡೂ ಕಾಲು ಊದುವುದು ಸಾಮಾನ್ಯವಾದ್ದರಿಂದ ಹೆಪ್ಪಿನ ಊತ ಅದರೊಳಗೆ ಮರೆಯಾಗುತ್ತದೆ. ಒಂದು ಕಾಲು ಇನ್ನೊಂದಕ್ಕಿಂತ ಹೆಚ್ಚಾಗಿ ಊದಿದರೆ, ಮೀನಖಂಡದಲ್ಲಿ ನೋವು, ಬಿಸಿ, ಕೆಂಪು ಕಂಡರೆ ತಡಮಾಡದೆ ತಿಳಿಸಿರಿ. ಇದ್ದಕ್ಕಿದ್ದಂತೆ ಏದುಸಿರು, ಎದೆನೋವು, ಕೆಮ್ಮಿನಲ್ಲಿ ರಕ್ತ, ಎದೆಬಡಿತದ ವೇಗ, ಇವು ತುರ್ತಿನ ಲಕ್ಷಣಗಳು. ಹೊಟ್ಟೆನೋವು ಹಠಾತ್ತನೆ ಬಂದರೆ, ಹೊಟ್ಟೆಯ ನೀರು ಬೇಗ ಬೇಗನೆ ಏರಿದರೆ ಪೋರ್ಟಲ್ ಅಭಿಧಮನಿಯ ಹೆಪ್ಪನ್ನು ಶಂಕಿಸಬೇಕಾಗುತ್ತದೆ. ಡಾಪ್ಲರ್ ಸ್ಕ್ಯಾನಿಂಗ್ ಈ ಶಂಕೆಯನ್ನು ಬಹುಮಟ್ಟಿಗೆ ಪರಿಹರಿಸುತ್ತದೆ.

ಕೇಳುವ ಧೈರ್ಯ

ಆಯುರ್ವೇದ ವೈದ್ಯರಾದ ನಾವು ಆಧುನಿಕ ಇಂಜೆಕ್ಷನ್ನಿನ ಪರವಾಗಿ ಬರೆಯುವುದನ್ನು ಕಂಡು ಕೆಲವರಿಗೆ ಸೋಜಿಗವೆನಿಸಬಹುದು. ಸಂಹಿತೆಗಳು ಉದರರೋಗವನ್ನು ಎಂಟು ಬಗೆಯಾಗಿ ವಿಂಗಡಿಸಿ ಸೂಕ್ಷ್ಮವಾಗಿ ವರ್ಣಿಸಿವೆ. ರೋಗದ ಕಾರಣವನ್ನು ದೂರಮಾಡುವುದೇ ಮೊದಲ ಚಿಕಿತ್ಸೆಯೆಂದು ಸಾರಿವೆ. ಹೆಪ್ಪಿನ ಕಾರಣವನ್ನು ಮೊದಲೇ ದೂರಮಾಡುವ ಉಪಾಯ ಯಾವ ಪದ್ಧತಿಯಿಂದ ಬಂದರೂ ಅದು ಆ ಸೂತ್ರಕ್ಕೆ ವಿರೋಧವಲ್ಲ. ಪದ್ಧತಿಯ ಅಭಿಮಾನಕ್ಕಿಂತ ರೋಗಿಯ ಉಸಿರು ದೊಡ್ಡದು. ಕಾರಣವನ್ನು ಇನ್ನೂ ಹಿಂದಕ್ಕೆ ಹೋಗಿ ತಡೆಯುವುದಾದರೆ ಮದ್ಯವನ್ನು ಬಿಡುವುದು, ಮಕ್ಕಳಿಗೆ ಹೆಪಟೈಟಿಸ್ ಬಿ ಲಸಿಕೆ ಹಾಕಿಸುವುದು, ಮಧುಮೇಹ ಮತ್ತು ಬೊಜ್ಜನ್ನು ಹತೋಟಿಯಲ್ಲಿಡುವುದು ನಮ್ಮ ಮುಂದಿರುವ ದಾರಿ. ಇಳಕಲ್ಲಿನ ಮಹಾಂತ ಸ್ವಾಮಿಗಳು ಜೋಳಿಗೆ ಹಿಡಿದು ಜನರ ದುಶ್ಚಟಗಳನ್ನೇ ಭಿಕ್ಷೆಯಾಗಿ ಬೇಡಿದ ನಾಡು ನಮ್ಮದು. ಆ ಜೋಳಿಗೆಗೆ ಬಿದ್ದ ಒಂದೊಂದು ಮದ್ಯದ ಚಟವೂ ಒಂದೊಂದು ಯಕೃತ್ತನ್ನು ಉಳಿಸಬಲ್ಲದು.

ಸದ್ಭಕ್ತರಲ್ಲಿ ನಮ್ಮ ವಿನಂತಿ ಇಷ್ಟು. ನಿಮ್ಮವರು ಯಕೃತ್ತಿನ ಕಾಯಿಲೆಯಿಂದ ಆಸ್ಪತ್ರೆ ಸೇರಿದ ದಿನವೇ ವೈದ್ಯರನ್ನು ವಿನಯದಿಂದ ಮೂರು ಮಾತು ಕೇಳಿರಿ: ಇವರಿಗೆ ರಕ್ತ ಹೆಪ್ಪುಗಟ್ಟುವ ಅಪಾಯವೆಷ್ಟು? ಅದನ್ನು ತಡೆಯಲು ಔಷಧ ಕೊಡುವಿರಾ, ಕೊಡದಿದ್ದರೆ ಕಾರಣವೇನು? ಇವರನ್ನು ನಾವು ಎಷ್ಟು ನಡೆಸಬಹುದು? ಒಳ್ಳೆಯ ವೈದ್ಯರು ಈ ಪ್ರಶ್ನೆಗಳಿಗೆ ಬೇಸರಪಡುವುದಿಲ್ಲ. ಇಂಜೆಕ್ಷನ್ ಬೇಡವೆಂದು ಅವರು ಕಾರಣಸಹಿತ ಹೇಳಿದರೆ ಅದನ್ನೂ ನಂಬಿರಿ. ಬೇಕೆಂದು ಹೇಳಿದರೆ, ರಕ್ತ ಮೊದಲೇ ತೆಳುವಾಗಿದೆಯಲ್ಲ ಎಂಬ ಒಂದೇ ಕಾರಣದಿಂದ ತಡೆಯಬೇಡಿರಿ.